ಕುಣಿಗೆ ಇಳಿಯುವಾಗ ಜೊತೆಗೇನಿರಬೇಕು: ಲಿಂಗಾಯತ ಮನೆಗಳಿಗೆ

ಸತ್ತ ಮೇಲೆ ಹೂಳುವ ಕುಣಿಯಲ್ಲಿ ಜೊತೆಗೆ ಏನೇನು ಇಡಬೇಕೆಂದು ಹೇಳಿಡುವವರು, ಮೈಮೇಲೆ ಕಟ್ಟಿಕೊಳ್ಳುವ ಇಷ್ಟಲಿಂಗದಿಂದ ಶುರುಮಾಡಿ. ಅದು ಮಕ್ಕಳಿಗೆ ಬಿಟ್ಟುಹೋಗುವ ಒಡವೆಯಲ್ಲ, ಕಟ್ಟಿಕೊಂಡವರ ಜೊತೆಗೇ ಹೋಗಬೇಕು. ಲಿಂಗವಿಡುವ ಬೆಳ್ಳಿ ಕರಡಿಗೆ ಮಾತ್ರ ಬೇರೆ ಲೆಕ್ಕ. ಲಿಂಗವನ್ನು ಅದರಿಂದ ತೆಗೆದು ಎಡ ಅಂಗೈಯಲ್ಲಿಡುತ್ತಾರೆ, ಕರಡಿಗೆ ಮನೆಯಲ್ಲೇ ಉಳಿಯಲಿ. ಯಾರಿಗೆಂದು ಹೆಸರು ಬರೆದಿಡಿ, ಅಣ್ಣತಮ್ಮಂದಿರ ಜಗಳ ಶುರುವಾಗುವುದೇ ಅಲ್ಲಿ.

ಹೂಳುವುದು ಕೂತ ಭಂಗಿಯಲ್ಲೇ, ಕೈಯಲ್ಲಿ ಲಿಂಗ ನಿಲ್ಲಬೇಕಾದರೆ ದೇಹವನ್ನು ಬೇಗ ಕೂಡಿಸಬೇಕು. ಸತ್ತ 2–4 ಗಂಟೆಯಲ್ಲಿ ಮೈ ಸೆಟೆಯಲು ಶುರುವಾಗಿ, ಸುಮಾರು 12 ಗಂಟೆಗೆ ಪೂರ್ತಿ ಬಿಗಿಯುತ್ತದೆ. ದೂರದ ಮಗ ಬರಲೆಂದು ಫ್ರೀಜರ್ ಪೆಟ್ಟಿಗೆಯಲ್ಲಿ ಮಲಗಿಸಿದರೆ ತಣ್ಣಗಿರುವಷ್ಟು ಹೊತ್ತೂ ಆ ಬಿಗಿ ಸಡಿಲವಾಗದು, ಆಮೇಲೆ ಕಾಲು ಮಡಚುವುದು ದೊಡ್ಡ ಪೇಚಾಟ. ಆದ್ದರಿಂದ ಮೊದಲೇ ಚಕ್ಕಳಮಕ್ಕಳ ಕೂಡಿಸಿ, ಅಂಗೈ ಮೇಲೆ ಮಾಡಿ, ಬಿಳಿ ಅರಿವೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಉಂಗುರವನ್ನೂ ಆಗಲೇ ತೆಗೆಯಿರಿ. ಬಾರದಿದ್ದರೆ ಸೋಪು ನೀರು ಹಚ್ಚಿ ತಿರುಗಿಸುತ್ತಾ ಎಳೆಯಿರಿ.

ವಿಭೂತಿ, ಬಿಲ್ವಪತ್ರೆ, ರುದ್ರಾಕ್ಷಿ ಇರಲೇಬೇಕು. ಕೆಲವು ಕಡೆ ಉಪ್ಪೂ ಹಾಕುತ್ತಾರೆ. ಎಷ್ಟು ಬೇಕೆಂದು ನಿಮ್ಮೂರ ಅಯ್ಯನವರನ್ನೇ ಕೇಳಿ, ಊರಿಂದೂರಿಗೆ ಪದ್ಧತಿ ಬೇರೆ.

ಸ್ವಂತದ್ದೆಂದು ಏನಾದರೂ ಬೇಕಿದ್ದರೆ ಒಂದೇ ಸಾಕು: ದಿನಾ ಓದುತ್ತಿದ್ದ ವಚನದ ಪುಸ್ತಕವೋ ಊರುಗೋಲೋ. ಉಡಿಸುವುದು ಹತ್ತಿಯ ಧೋತ್ರ, ಹತ್ತಿಯ ಸೀರೆಯಾಗಿರಲಿ. ಪಾಲಿಯೆಸ್ಟರ್ ಎಷ್ಟೋ ವರ್ಷ ಮಣ್ಣಲ್ಲಿ ಕರಗುವುದಿಲ್ಲ. ಹೂವು ತಂದ ಪ್ಲಾಸ್ಟಿಕ್ ಚೀಲ ಗಡಿಬಿಡಿಯಲ್ಲಿ ಒಳಗೆ ಬೀಳುವುದುಂಟು, ಮಣ್ಣೆಳೆಯುವ ಮುಂಚೆ ಒಬ್ಬರು ಬಗ್ಗಿ ನೋಡಿ. ಕಿವಿಯ ಯಂತ್ರ, ಗಡಿಯಾರ, ಮೊಬೈಲು ಬೇಡವೇ ಬೇಡ, ಬ್ಯಾಟರಿಯ ವಿಷ ಮಣ್ಣಿಗಿಳಿಯುತ್ತದೆ. ಎದೆಯೊಳಗಿನ ಪೇಸ್‌ಮೇಕರ್ ಹೂಳುವಾಗ ತೆಗೆಯಲೇಬೇಕೆಂದೇನಿಲ್ಲ. ಸುಡುವುದಾದರೆ ಮಾತ್ರ ತೆಗೆಸಲೇಬೇಕು, ಕಾವಿಗೆ ಸಿಡಿಯುತ್ತದೆ.

ಇದನ್ನೆಲ್ಲ ಉಯಿಲಿನಲ್ಲಿ ಬರೆದರೆ ಪ್ರಯೋಜನವಿಲ್ಲ, ಅದನ್ನು ಬಿಚ್ಚುವುದು ಕಾರ್ಯವೆಲ್ಲ ಮುಗಿದ ಮೇಲೆ. ಅರ್ಧ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು, ಒಂದು ಪ್ರತಿ ದೇವರ ಜಗುಲಿಯಲ್ಲಿಡಿ, ಇನ್ನೊಂದನ್ನು ಕುಣಿ ತೋಡಿಸಲು ಓಡಾಡುವ ನೆಂಟರ ಕೈಗೆ ಕೊಡಿ.