ಎರಡು ನೋವುಗಳ ನಡುವಿನ ಮಾತು

ಮೊದಲ ಹೆರಿಗೆ ಅಂದರೆ ನನಗೆ ಮೊದಲು ನೆನಪಾಗುವುದು ಹೆರಿಗೆ ನೋವಲ್ಲ, ಆಮೇಲೆ ಹಾಕಿದ ಹೊಲಿಗೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರು, ಆದರೆ ಅದು ಸರಿಯಾಗಿ ಹಿಡಿದಿರಲಿಲ್ಲ. ಸೂಜಿ ಚುಚ್ಚುವುದು, ದಾರ ಎಳೆಯುವುದು ಎಲ್ಲ ಗೊತ್ತಾಗುತ್ತಿತ್ತು. ನಾನು ಮಂಚದ ಕಂಬಿ ಹಿಡಿದು ಸುಮ್ನೆ ಮಲಗಿದ್ದೆ. ಹೇಳಿದರೆ ಬೈಯ್ತಾರೇನೋ ಅಂತ ಭಯ. ಅಷ್ಟು ದೊಡ್ಡ ನೋವು ತಡೆದವಳಿಗೆ ಇದೇನು ಮಹಾ ಅಂತಾರೇನೋ ಅಂತ ನಾಚಿಕೆ ಬೇರೆ. ಹೇಳಿದ್ದರೆ ಇನ್ನೊಂದಿಷ್ಟು ಔಷಧಿ ಕೊಡುತ್ತಿದ್ದರು, ಅಷ್ಟೇ. ಅದು ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ.

ಎರಡನೇ ಸಲ ಬಸುರಿಯಾದಾಗ ಬಾಯಿ ಬಿಡಲೇಬೇಕು ಅಂತ ತೀರ್ಮಾನ ಮಾಡಿದೆ. ಬೇಕು ಬೇಡಗಳನ್ನೆಲ್ಲ ಎರಡು ಪುಟ ತುಂಬಾ ಬರೆದುಕೊಂಡು ಏಳನೇ ತಿಂಗಳಲ್ಲಿ ಡಾಕ್ಟರ್ ಮುಂದಿಟ್ಟೆ. ಅವರು ಪೂರ್ತಿ ಓದಿದರು. "ಇದರಲ್ಲಿ ಯಾವುದು ಆಗದೇ ಇದ್ರೆ ನಿಮಗೆ ನಿಜವಾಗ್ಲೂ ಬೇಜಾರಾಗುತ್ತೆ, ಅದನ್ನಷ್ಟೇ ಇಟ್ಕೊಳ್ಳಿ" ಅಂದರು. ಸ್ವಲ್ಪ ಸಿಟ್ಟು ಬಂತು. ಮನೆಗೆ ಬಂದು ಒಂದೊಂದನ್ನೇ ಹೊಡೆದುಹಾಕುತ್ತಾ ಹೋದಾಗ ಉಳಿದಿದ್ದು ನಾಲ್ಕೇ. ಅಕ್ಕ ಕೊನೆಯವರೆಗೂ ಜೊತೆಗಿರಬೇಕು. ಸುಮ್ಮನೆ ಅಂಗಾತ ಮಲಗಿಸಬಾರದು. ಒಳಗೆ ಕೈ ಹಾಕಿ ನೋಡುವ ಮುಂಚೆ ಹೇಳಬೇಕು. ಮಗು ಬರುವ ದಾರಿ ಅಗಲ ಮಾಡಲು ಕೊಯ್ಯುವುದಾದರೆ ಕೇಳಿ ಕೊಯ್ಯಬೇಕು.

ಇದೇನೂ ದುಬಾರಿ ಆಸೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ಹೆರಿಗೆ ಆರೈಕೆಯ ಶಿಫಾರಸುಗಳಲ್ಲೇ ಇದೆಲ್ಲ ಇದೆ: ತಾಯಿಗೆ ಬೇಕಾದವರು ಜೊತೆಗಿರಲಿ, ಅವಳು ಓಡಾಡಲಿ, ಎಲ್ಲರಿಗೂ ರೂಢಿಯಂತೆ ಕೊಯ್ಯುವುದು ಬೇಡ.

ಆಮೇಲೆ ನಾನು ಮಾಡಿದ್ದು ಸ್ವಲ್ಪ ತಮಾಷೆ ಅನ್ನಿಸಬಹುದು. ಅಕ್ಕನ ಎದುರು ಕೂತು ಮಾತು ಅಭ್ಯಾಸ ಮಾಡಿದೆ. ನೋವು ಜೋರಾದ ಮೇಲೆ ಎರಡು ಮೂರು ನಿಮಿಷಕ್ಕೊಂದು ಬರುತ್ತದೆ, ಒಂದೊಂದೂ ಮುಕ್ಕಾಲು ನಿಮಿಷ, ಒಂದು ನಿಮಿಷ ಇರುತ್ತದೆ. ಉಳಿದ ಹೊತ್ತಲ್ಲೇ ಉಸಿರು, ನೀರು, ಮಾತು ಎಲ್ಲ ಆಗಬೇಕು. ಉದ್ದ ವಾಕ್ಯ ಹಿಡಿಸುವುದಿಲ್ಲ. ಹಾಗಾಗಿ ಮೂರು ಚಿಕ್ಕ ಪ್ರಶ್ನೆ ಬಾಯಿಪಾಠ ಮಾಡಿದೆ: ಮಗು ಚೆನ್ನಾಗಿದೆಯಾ? ಇದು ಈಗಲೇ ಆಗಬೇಕಾ? ಸ್ವಲ್ಪ ಕಾದರೆ ಏನಾಗುತ್ತೆ? ನೋವಿನ ಮಧ್ಯೆ ಯಾರಾದರೂ ಏನಾದರೂ ಕೇಳಿದರೆ "ಒಂದ್ನಿಮಿಷ, ನೋವು ಇಳೀಲಿ" ಅನ್ನುವುದು ಅಕ್ಕನ ಕೆಲಸ.

ಆ ದಿನ ಮಧ್ಯಾಹ್ನ 2 ಗಂಟೆಗೆ ನೋಡಿದಾಗ ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದಿತ್ತು. 4 ಗಂಟೆಗೆ 6. ಡ್ಯೂಟಿ ಡಾಕ್ಟರ್ "ಸ್ವಲ್ಪ ನಿಧಾನ ಆಗ್ತಿದೆ, ಡ್ರಿಪ್ ಹಾಕೋಣ" ಅಂದರು. ಡ್ರಿಪ್ ಅಂದರೆ ನೋವು ಜೋರು ಮಾಡುವ ಆಕ್ಸಿಟೋಸಿನ್. ನೋವು ಇಳಿಯುವವರೆಗೆ ಅಕ್ಕ ಅವರನ್ನು ತಡೆದಳು. ನಾನು ಕೇಳಿದೆ.

"ಮಗು ಚೆನ್ನಾಗಿದೆಯಾ ಡಾಕ್ಟ್ರೇ?"

"ಚೆನ್ನಾಗಿದೆ, ಹಾರ್ಟ್‌ಬೀಟ್ ಸರಿಯಾಗಿದೆ."

"ಹಾಗಾದ್ರೆ ಒಂದು ಗಂಟೆ ಓಡಾಡಿ ನೋಡ್ಲಾ?"

ಅವರು ಚಾರ್ಟ್ ನೋಡಿದರು, ನನ್ನ ಮುಖ ನೋಡಿದರು. "ಸರಿ, 5 ಗಂಟೆಗೆ ಬರ್ತೀನಿ." ಜಗಳ ಆಗುತ್ತೆ ಅಂತ ಅಂದುಕೊಂಡಿದ್ದೆ, ಆಗಲಿಲ್ಲ. ಗಂಟೆಗೊಂದು ಸೆಂಟಿಮೀಟರ್ ಆಗಲೇಬೇಕು ಅನ್ನುವ ಹಳೇ ಲೆಕ್ಕ ಎಲ್ಲರಿಗೂ ಹೊಂದಲ್ಲ ಅಂತ ಅದೇ ಶಿಫಾರಸಿನಲ್ಲೂ ಇದೆ. ಅದನ್ನು ಆಗ ಹೇಳಲು ಹೋಗಲಿಲ್ಲ. ವಾದಕ್ಕಿಂತ ಪ್ರಶ್ನೆಯೇ ಕೆಲಸ ಮಾಡಿತು.

ಎಲ್ಲವೂ ಅಂದುಕೊಂಡ ಹಾಗೆ ನಡೆಯಲಿಲ್ಲ ಬಿಡಿ. ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಬೇಡ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದವಳು ನಾನು. 5 ಗಂಟೆ ದಾಟಿದ ಮೇಲೆ "ಬೇಕು, ಕೊಡ್ಸು" ಅಂತ ಕೂಗಿದೆ. ಅಕ್ಕ ತಬ್ಬಿಬ್ಬಾದಳು. "ನೀನೇ ಬೇಡ ಅಂದಿದ್ಯಲ್ಲೇ?" "ಆಗ ಹೇಳಿದ್ದು ಆಗ. ಈಗ ಬೇಕು!" ಈ ಸಾಧ್ಯತೆ ನಾವಿಬ್ಬರೂ ಮೊದಲೇ ಮಾತಾಡಿಕೊಂಡಿರಬೇಕಿತ್ತು. ಅವಳು ಹೋಗಿ ಕೇಳುವಷ್ಟರಲ್ಲಿ ಅರಿವಳಿಕೆ ಡಾಕ್ಟರ್ ಬೇರೆ ಆಪರೇಷನ್‌ನಲ್ಲಿದ್ದರು. ಅವರಿಗಿಂತ ಮೊದಲು ಮಗುವೇ ಬಂತು.

ಇನ್ನೊಂದು ವಿಷಯ. ಮುಕ್ಕುವ ಹೊತ್ತಿಗೆ ಮಗುವಿನ ಹಾರ್ಟ್‌ಬೀಟ್ ಒಮ್ಮೆ ಇಳಿಯಿತು. "ಎಡಕ್ಕೆ ತಿರುಗಿ, ಬೇಗ" ಅಂದರು. ಏನೂ ಕೇಳದೆ ತಿರುಗಿದೆ. ಅಲ್ಲಿಯವರೆಗೆ ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿತ್ತಲ್ಲ, ಅದಕ್ಕೇ ಆಗ ಅನುಮಾನ ಬರಲಿಲ್ಲ.

ಈ ಸಲ ಕೊಯ್ಯಲಿಲ್ಲ, ತಾನಾಗೇ ಸ್ವಲ್ಪ ಹರಿದಿತ್ತು. ಮಗು ನನ್ನ ಎದೆ ಮೇಲೆ ಒದ್ದೆಯಾಗಿ, ಬಿಸಿಯಾಗಿ ಮಲಗಿತ್ತು. ಡಾಕ್ಟರ್ ಇಂಜೆಕ್ಷನ್ ಕೊಟ್ಟು ಹೊಲಿಗೆ ಶುರು ಮಾಡಿದರು. ಮೊದಲನೇ ಹೊಲಿಗೆಗೇ ಚುರುಕ್ ಅಂತು. ಕೈ ತಾನಾಗೇ ಕಂಬಿ ಹುಡುಕಿತು.

"ಡಾಕ್ಟ್ರೇ, ನಿಲ್ಸಿ. ಗೊತ್ತಾಗ್ತಿದೆ."

ಸೂಜಿ ನಿಂತಿತು. ಇನ್ನೊಂದಿಷ್ಟು ಔಷಧಿ ಕೊಟ್ಟು ಕಾದರು. ಆಮೇಲೆ ಮೆಲ್ಲಗೆ ಮುಟ್ಟಿ ಕೇಳಿದರು, "ಈಗ?"

"ಈಗ ಇಲ್ಲ."