ಹಿಂಡಿಗೆ ಔಷಧ ಬೆರೆಸುವ ಮುನ್ನ: ಹಸುವಿನ ಹೊಟ್ಟೆ ಕಾಪಾಡುವುದು ಹೇಗೆ?

ರಾಗಿ ಹುಲ್ಲನ್ನು ಹಸು ತಾನಾಗಿ ಅರಗಿಸಿಕೊಳ್ಳಲಾರದು. ಆ ಕೆಲಸ ಮಾಡುವುದು ಅದರ ಮೊದಲ ದೊಡ್ಡ ಹೊಟ್ಟೆಯಾದ ರೂಮೆನ್‌ನಲ್ಲಿರುವ ಸೂಕ್ಷ್ಮಜೀವಿಗಳು. ನಾರನ್ನು ಒಡೆದು ಅವು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲ ಮಾಡುತ್ತವೆ. ಹಸುವಿನ ಶಕ್ತಿಯಲ್ಲಿ ಸುಮಾರು ಶೇ 70ರಷ್ಟು ಬರುವುದು ಇವುಗಳಿಂದಲೇ. ಬಿ ವಿಟಮಿನ್‌ಗಳೂ ಅಲ್ಲೇ ತಯಾರಾಗುತ್ತವೆ. ಕೊನೆಗೆ ಆ ಜೀವಿಗಳೇ ಮುಂದಿನ ಹೊಟ್ಟೆಗೆ ಹರಿದು, ಜೀರ್ಣವಾಗಿ ಪ್ರೋಟೀನ್ ಒದಗಿಸುತ್ತವೆ.

ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ (ಬ್ಯಾಕ್ಟೀರಿಯಾ ತಡೆಯುವ ಔಷಧ) ಪುಡಿಯನ್ನು ಸುಮ್ನೆ ಹಿಂಡಿಗೆ ಬೆರೆಸಿದರೆ ಇವೇ ಸಾಯುತ್ತವೆ. ಆಗ ಮೇವಿದ್ದರೂ ಹಸು ಸೊರಗುತ್ತದೆ.

ಎಲ್ಲ ಆ್ಯಂಟಿಬಯೋಟಿಕ್ ಒಂದೇ ಥರ ಅಲ್ಲ. ಅಮೆರಿಕದಲ್ಲಿ 1970ರ ದಶಕದಿಂದ ಮಾಂಸದ ದನಗಳ ಮೇವಿಗೆ ಸೇರಿಸುವ ಮೊನೆನ್ಸಿನ್ ಕೆಲವು ಬ್ಯಾಕ್ಟೀರಿಯಾಗಳನ್ನು ಮಾತ್ರ ತಡೆಯುತ್ತದೆ. ಪ್ರೊಪಿಯಾನಿಕ್ ಆಮ್ಲ ಹೆಚ್ಚುತ್ತದೆ, ಮೀಥೇನ್ ಇಳಿಯುತ್ತದೆ, ಪ್ರೋಟೀನ್ ಅಮೋನಿಯಾ ಆಗಿ ಪೋಲಾಗುವುದೂ ತಗ್ಗುತ್ತದೆ. ಆದರೆ ಹಾಲಿನ ಕೊಬ್ಬಿಗೆ ಅಸಿಟಿಕ್ ಆಮ್ಲ ಬೇಕು. ಅದರ ಪಾಲು ತಗ್ಗಿದರೆ ಫ್ಯಾಟ್ ಇಳಿಯಬಹುದು. ಡೇರಿಯಲ್ಲಿ ಫ್ಯಾಟ್ ನೋಡಿಯೇ ದುಡ್ಡು ಕೊಡುವುದು, ಅಲ್ವಾ? ಕುದುರೆಗಂತೂ ಈ ಔಷಧ ವಿಷ. ದನ ಬೇಗ ಬೆಳೆಯಲಿ ಎಂದು ಮೇವಿಗೆ ಆ್ಯಂಟಿಬಯೋಟಿಕ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರಲ್ಲೇ ಪೂರ್ತಿ ನಿಲ್ಲಿಸಿತು.

ಕಾಯಿಲೆಗೆ ಔಷಧ ಬೇಕೇ ಬೇಕಾದರೆ ಮೊದಲು ಪಶುವೈದ್ಯರನ್ನು ಕರೆಯಿರಿ. ದೊಡ್ಡ ಹಸುವಿಗೆ ಬಾಯಿಂದ ಕೊಡುವ ಬದಲು ಇಂಜೆಕ್ಷನ್ ಆಗುತ್ತದೆಯೇ ಎಂದು ಕೇಳಿ. ಹೇಳಿದಷ್ಟು ದಿನ ಪೂರ್ತಿ ಕೊಡಿಸಿ.

ಆಮೇಲೆ ದಿನವೂ ಹೊಟ್ಟೆ ನೋಡಿ. ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿಯಿರಿ. ನಿಮಿಷಕ್ಕೆ ಒಂದೆರಡು ಸಲ ಒಳಗಿನಿಂದ ಅಲೆಯ ಹಾಗೆ ಕೈಯನ್ನು ತಳ್ಳಬೇಕು. ಅದು ನಿಂತಿದ್ದರೆ, ಹಸು ಮೆಲುಕು ಹಾಕದಿದ್ದರೆ ಕಾಯಬೇಡಿ, ವೈದ್ಯರಿಗೆ ಹೇಳಿ.

ಮೇವು ತಿನ್ನುತ್ತಿದ್ದರೆ ಒಳ್ಳೆಯ ಒಣ ಹುಲ್ಲು, ಸ್ವಲ್ಪ ಹಸಿ ಮೇವು, ಬೇಕಾದಷ್ಟು ನೀರು ಕೊಡಿ. ನಾರು ತಿನ್ನುವ ಜೀವಿಗಳು ಮತ್ತೆ ಬೆಳೆಯುವುದು ಅದರಿಂದಲೇ. ಸೊರಗಿದೆ ಎಂಬ ಮರುಕಕ್ಕೆ ಹಿಂಡಿ, ಜೋಳದ ನುಚ್ಚು ಒಮ್ಮೆಲೇ ಸುರಿಯಬೇಡಿ. ರೂಮೆನ್ ಹುಳಿಯಾಗಿ ಇನ್ನೂ ಕೆಡುತ್ತದೆ. ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸಿ. ಅಷ್ಟಾದರೂ ಮೆಲುಕು ಬರದಿದ್ದರೆ ಆರೋಗ್ಯವಂತ ಹಸುವಿನ ರೂಮೆನ್ ರಸವನ್ನು ಬೆಚ್ಚಗಿರುವಾಗಲೇ ಕುಡಿಸುವ ಚಿಕಿತ್ಸೆ ಇದೆ. ಅದನ್ನು ವೈದ್ಯರೇ ಮಾಡಲಿ.

ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಔಷಧ ಕೊಟ್ಟ ಹಸುವಿನ ಹಾಲನ್ನು ಡೇರಿಗೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ. ಔಷಧ ಉಳಿದ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಕೂಡುವುದಿಲ್ಲ. ರೂಮೆನ್‌ನ ಜೀವಿಗಳಿಗೆ ಆದದ್ದೇ ಹೆಪ್ಪಿನ ಜೀವಿಗಳಿಗೂ ಆಗುತ್ತದೆ.