ವಿದೇಶದಿಂದ ಬಂದವರಿಗೆ ಮಂಗಳೂರಿನಲ್ಲಿ ಸ್ವಾಗತ: ನಾವು ಮಾಡುವ ಕ್ರಮ

ಓದಲು ಅಥವಾ ಕೆಲಸಕ್ಕೆಂದು ಮಂಗಳೂರಿಗೆ ಬರುವ ವಿದೇಶಿಯರಿಗೆ ಸ್ವಾಗತ ಕಾರ್ಯಕ್ರಮ ಮಾಡುವುದಾದರೆ ಮೊದಲು ಗಟ್ಟಿಯಾಗಬೇಕಾದದ್ದು ದಿನಾಂಕ. 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಭಾರತಕ್ಕೆ ಬಂದ 14 ದಿನದೊಳಗೆ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ, ಅಂದರೆ ವಿದೇಶಿಯರ ನೋಂದಣಿಗೆ ಸರ್ಕಾರ ನಡೆಸುವ ಜಾಲತಾಣದಲ್ಲಿ, ನೋಂದಣಿಗೆ ಅರ್ಜಿ ಹಾಕಬೇಕು. ಎಲ್ಲರೂ ಬಂದು ಮುಗಿಯಲಿ ಎಂದು ಒಂದು ತಿಂಗಳು ಕಾದು ದೊಡ್ಡ ಸಮಾರಂಭ ಮಾಡಿದರೆ ಅಷ್ಟರಲ್ಲಿ ಅರ್ಧ ಜನರ ಗಡುವು ಮುಗಿದಿರುತ್ತದೆ. ಹಾಗಾಗಿ ಪ್ರವೇಶಾತಿಯ ತಿಂಗಳುಗಳಲ್ಲಿ, ಅಂದರೆ ಜುಲೈನಿಂದ ಸೆಪ್ಟೆಂಬರ್‌ವರೆಗೆ, ತಲಾ ಐವತ್ತು ಮಂದಿಯ ಸಣ್ಣ ಕಾರ್ಯಕ್ರಮಗಳನ್ನೇ ಇಟ್ಟುಕೊಳ್ಳುತ್ತೇವೆ.

ವಾರ ಶನಿವಾರವೇ ಇರಲಿ, ಅದೂ ಮೊದಲನೆಯದು ಅಥವಾ ಮೂರನೆಯದು. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕ್ ರಜೆ. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜ್, ಭಾನುವಾರ ಬೆಳಿಗ್ಗೆ ಚರ್ಚ್. ಪುರಭವನದಂಥ ದೊಡ್ಡ ಸಭಾಂಗಣ ಬೇಕಿಲ್ಲ. ಹಂಪನಕಟ್ಟೆಯ ಆಸುಪಾಸಿನಲ್ಲಿ ಜನರೇಟರ್ ಮತ್ತು ಒಳ್ಳೆಯ ವೈಫೈ ಇರುವ ಹಾಲ್ ಸಾಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ಕ್ಯಾನರ್ ನಿಂತಿತು, ಸ್ಕ್ಯಾನರ್ ನಿಂತರೆ ಸಾಲೇ ನಿಂತಿತು.

ನಿಜವಾದ ಕಗ್ಗಂಟು ಸಿ ಫಾರಂ, ಅಂದರೆ ತಮ್ಮಲ್ಲಿ ವಿದೇಶಿಯರು ಉಳಿದಿದ್ದಾರೆ ಎಂದು ಸರ್ಕಾರಕ್ಕೆ ತಿಳಿಸುವ ನಮೂನೆ (2025ರ ನಿಯಮಗಳಲ್ಲಿ ಇದರ ಹೆಸರು ಫಾರಂ 3). ವಿದೇಶಿಯರಿಗೆ ಮನೆ ಕೊಟ್ಟವರು 24 ಗಂಟೆಯೊಳಗೆ ಆ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಹಾಸ್ಟೆಲ್‌ನಲ್ಲಿದ್ದರೆ ಸಂಸ್ಥೆಯೇ ನೋಡಿಕೊಳ್ಳುತ್ತದೆ. ಆದರೆ ಕಂಕನಾಡಿಯಲ್ಲೋ ದೇರಳಕಟ್ಟೆಯಲ್ಲೋ ಫ್ಲಾಟ್ ಬಾಡಿಗೆಗೆ ಕೊಟ್ಟ ಮಾಲೀಕರಲ್ಲಿ ಅನೇಕರಿಗೆ ಇದು ತಮ್ಮ ಜವಾಬ್ದಾರಿ ಎಂಬುದೇ ಗೊತ್ತಿರುವುದಿಲ್ಲ. ಅವರು ಮೊದಲು ಪೋರ್ಟಲ್‌ನಲ್ಲಿ ಲಾಗಿನ್ ಪಡೆಯಬೇಕು, ಅದಕ್ಕೆ ಪೊಲೀಸ್ ಇಲಾಖೆಯ ವಿದೇಶಿಯರ ವಿಭಾಗದ ಒಪ್ಪಿಗೆ ಬೇಕು, ಇದಕ್ಕೆ ದಿನ ಹಿಡಿಯುತ್ತದೆ. ಬಾಡಿಗೆದಾರರು ಬಂದ ಮೇಲೆ ಶುರು ಮಾಡಿದರೆ 24 ಗಂಟೆಯ ಮಾತೇ ಇಲ್ಲ. ಆದ್ದರಿಂದ ಮಾಲೀಕರನ್ನು ಜೂನ್‌ನಲ್ಲೇ ಪ್ರತ್ಯೇಕವಾಗಿ ಕರೆದು ಲಾಗಿನ್ ಮಾಡಿಸುತ್ತೇವೆ. ನಮ್ಮ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವುದು ಈ ಒಂದು ಸಂಜೆ. ಸ್ವಾಗತ ಮಾಡುವ ಬೇರೆ ಯಾರೇ ಇರಲಿ, ಇದನ್ನು ಬಿಡಬೇಡಿ.

ಕಾರ್ಯಕ್ರಮದ ದಿನ ಕೌಂಟರ್‌ಗಳ ಅನುಕ್ರಮ ಮುಖ್ಯ. ಮೊದಲು ಸಿಮ್, ಏಕೆಂದರೆ ಫೋನ್ ಸಂಖ್ಯೆ ಇಲ್ಲದೆ ಒಟಿಪಿ ಇಲ್ಲ. ಆಮೇಲೆ ಸ್ಕ್ಯಾನಿಂಗ್, ನಂತರ ಅರ್ಜಿ, ಕೊನೆಗೆ ಬ್ಯಾಂಕ್. ಸ್ಕ್ಯಾನಿಂಗ್‌ಗೆ ಎರಡು ಯಂತ್ರ, ಇಬ್ಬರು ಸ್ವಯಂಸೇವಕರು. ಪಾಸ್‌ಪೋರ್ಟಿನ ಫೋಟೊ ಪುಟ, ವೀಸಾ, ವಿಮಾನ ನಿಲ್ದಾಣದಲ್ಲಿ ಒತ್ತಿದ ಆಗಮನದ ಮುದ್ರೆ, ಕಾಲೇಜಿನ ಬೋನಾಫೈಡ್ ಪತ್ರ, ವಿಳಾಸದ ದಾಖಲೆ, ಇಷ್ಟೂ ಬೇಕು. ಮೊಬೈಲ್‌ನಲ್ಲಿ ತೆಗೆದ ಚಿತ್ರ ಪೋರ್ಟಲ್‌ನ ಮಿತಿಗಿಂತ ಭಾರ ಇರುತ್ತದೆ, ಅಪ್‌ಲೋಡ್ ಆಗುವುದಿಲ್ಲ. ಗಾತ್ರ ಇಳಿಸಲು ಬಲ್ಲವರೊಬ್ಬರು ಅಲ್ಲೇ ಕೂತಿರಬೇಕು. ಇನ್ನೊಂದು ತೊಡಕು ವಿಳಾಸದ್ದು. ಸಿ ಫಾರಂನಲ್ಲಿ ಕಂಕನಾಡಿಯ ಇಂಗ್ಲಿಷ್ ಕಾಗುಣಿತ ವೈ ಅಕ್ಷರದಲ್ಲಿ ಮುಗಿದು, ಬಾಡಿಗೆ ಕರಾರಿನಲ್ಲಿ ಐ ಅಕ್ಷರದಲ್ಲಿ ಮುಗಿದಿದ್ದರೆ ವಿವರಣೆ ಕೇಳಿ ಅರ್ಜಿ ವಾಪಸ್ ಬರಬಹುದು. ಎರಡೂ ಕಾಗದವನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಕುಟುಂಬದ ಹೆಸರೇ ಇಲ್ಲದವರ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ತುಂಬಿಸಿ, ಚಂದ ಮಾಡಲು ಹೋಗಬೇಡಿ.

ವಿದ್ಯಾರ್ಥಿಗಳಿಗೆ ಬ್ಯಾಂಕ್‌ಗಳು ಎನ್‌ಆರ್‌ಒ ಖಾತೆ, ಅಂದರೆ ಅನಿವಾಸಿಗಳಿಗೆಂದೇ ಇರುವ ರೂಪಾಯಿ ಖಾತೆ, ತೆರೆಯುತ್ತವೆ. ಸ್ಥಳೀಯ ವಿಳಾಸದ ದಾಖಲೆ ಕೈಯಲ್ಲಿಲ್ಲದಿದ್ದರೆ 30 ದಿನ ಸಮಯವಿದೆ. ಅಲ್ಲಿಯವರೆಗೆ ವಿದೇಶದಿಂದ 1,000 ಡಾಲರ್‌ವರೆಗೆ ಮಾತ್ರ ಹಣ ತರಿಸಬಹುದು, ತಿಂಗಳಿಗೆ 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ. ಇದನ್ನು ಅವರ ಮನೆಯವರಿಗೂ ಆ ದಿನವೇ ತಿಳಿಸಿಬಿಡಿ. ಕಾಲೇಜು ಫೀಸಿನ ಪೂರ್ತಿ ಮೊತ್ತವನ್ನು ಈ ಖಾತೆಗೆ ಕಳಿಸಿದರೆ ಅಡಚಣೆ ಆಗುತ್ತದೆ.

ಸಭೆ ಹತ್ತು ನಿಮಿಷ. ದೀಪ ಬೆಳಗಿ, ಒಬ್ಬರು ಮಾತಾಡಿದರೆ ಮುಗಿಯಿತು. ಶಾಲು, ಸ್ಮರಣಿಕೆ ಬೇಡ.

ಊಟದಲ್ಲಿ ನಮ್ಮ ಊರಿನದ್ದೇ ಇರಬೇಕು ಎಂಬುದರಲ್ಲಿ ನಾವು ರಾಜಿಯಾಗುವುದಿಲ್ಲ. ಐವತ್ತು ಜನಕ್ಕೆ ತಲಾ ನಾಲ್ಕರಂತೆ ಇನ್ನೂರು ನೀರುದೋಸೆ. ಒಂದೊಂದಕ್ಕೆ ಒಂದೂಕಾಲು ನಿಮಿಷ ಹಿಡಿದರೆ ನಾಲ್ಕು ಕಾವಲಿಯಲ್ಲಿ ಸುಮಾರು ಒಂದು ಗಂಟೆಯ ಕೆಲಸ. ಬಿಸಿಯಾಗಿರುವಾಗಲೇ ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಂಡು ಮುದ್ದೆಯಾಗುತ್ತವೆ. ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ, ಬಿಸಿ ಆರಿದ ಮೇಲೆ ತ್ರಿಕೋನವಾಗಿ ಮಡಿಸಬೇಕು. ಗೋಳಿಬಜೆ ಕಾದು ಕೂರುವ ತಿಂಡಿಯಲ್ಲ, ತಣ್ಣಗಾದರೆ ಜಿಡ್ಡು ಹಿಡಿಯುತ್ತದೆ. ಅದರ ಬದಲು ಬನ್ಸ್ ಇಡಿ, ಆರಿದ ಮೇಲೂ ಮೆತ್ತಗಿರುತ್ತವೆ. ಕೋಳಿ ಗಸಿಗೆ ಬರೀ ಬ್ಯಾಡಗಿ ಮೆಣಸು ಹಾಕಿಸಿ: ಬಣ್ಣ ಬರುತ್ತದೆ, ಬಾಯಿ ಉರಿಯುವುದಿಲ್ಲ. ಕೋಳಿ ಹಲಾಲ್ ಅಂಗಡಿಯದ್ದೇ ಇರಲಿ. ಪ್ರತಿ ಪಾತ್ರೆಯ ಮುಂದೆ ತೆಂಗು, ಗೋಡಂಬಿ, ಕಡಲೆಕಾಯಿ, ಸಿಗಡಿ ಇದೆಯೇ ಇಲ್ಲವೇ ಎಂದು ಬರೆದ ಚೀಟಿ, ಪ್ರತಿಯೊಂದಕ್ಕೂ ಬೇರೆ ಸೌಟು.

ಊಟದ ನಂತರ ನಾಲ್ಕೈದು ಜನರ ಗುಂಪು ಮಾಡಿ ಸಿಟಿ ಬಸ್ಸಿನಲ್ಲಿ ಒಂದು ಸುತ್ತು. ಸ್ಟೇಟ್‌ಬ್ಯಾಂಕ್ ಎಂದರೆ ಬಸ್ ನಿಲ್ದಾಣ ಎಂದು ಮೊದಲೇ ಹೇಳಿಡಿ. ಚಿಲ್ಲರೆ ಹಿಡಿದುಕೊಳ್ಳುವುದು, ಕಂಡಕ್ಟರ್‌ಗೆ ಇಳಿಯುವ ಸ್ಥಳ ಹೇಳುವುದು, ಖಾರ ಬೇಡ ಎನ್ನುವುದು, ತುಳುವಿನಲ್ಲಿ ‘ಏತ್?’ ಎಂದು ಬೆಲೆ ಕೇಳುವುದು, ಇಷ್ಟು ಬಂದರೆ ಮೊದಲ ವಾರ ದಾಟುತ್ತದೆ. ರೈಲು ಟಿಕೆಟ್‌ನಲ್ಲಿ ಸೆಂಟ್ರಲ್ ಇದೆಯೋ ಪಡೀಲ್ ಕಡೆಯ ಜಂಕ್ಷನ್ ಇದೆಯೋ ನೋಡಲು ಕಲಿಸಿ.

ಎರಡು ವಿಷಯವನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇವೆ. ಮಳೆಗಾಲದಲ್ಲಿ ಪಣಂಬೂರು, ಸುರತ್ಕಲ್, ಸೋಮೇಶ್ವರ ಎಲ್ಲೂ ನೀರಿಗಿಳಿಯಬಾರದು. ಹಿಂದಕ್ಕೆ ಹೋಗುವ ಸೆಳೆತ ಈಜು ಬಲ್ಲವರನ್ನೂ ಎಳೆದೊಯ್ಯುತ್ತದೆ. ಜ್ವರ ಬಂದರೆ ಮಾತ್ರೆ ನುಂಗಿ ಮಲಗದೆ ಅದೇ ದಿನ ಮಲೇರಿಯಾ, ಡೆಂಗಿಗೆ ರಕ್ತಪರೀಕ್ಷೆ ಮಾಡಿಸಬೇಕು. ತುರ್ತಿಗೆ 112, ಆಂಬುಲೆನ್ಸ್‌ಗೆ 108. ಪಾಸ್‌ಪೋರ್ಟ್‌ಗೆ ಬೂಸ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಜಿಪ್ ಕವರ್ ಒಂದನ್ನು ಎಲ್ಲರಿಗೂ ಕೊಡುತ್ತೇವೆ.

ಅದೇ ಕವರಿನೊಳಗೆ ಒಂದು ಚೀಟಿ ಇರುತ್ತದೆ: ವೀಸಾ ಮುಗಿಯುವ ದಿನ, ವಿಸ್ತರಣೆಯ ನೆನಪಿಗೆ ಅದಕ್ಕಿಂತ ಎರಡು ತಿಂಗಳು ಹಿಂದಿನ ದಿನಾಂಕ, ನಮ್ಮ ಫೋನ್ ಸಂಖ್ಯೆ. ಮೊದಲ ಸೆಮಿಸ್ಟರ್ ಮುಗಿದೊಡನೆ ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆಗೆ ಹೋಗುವವರು ಇರುತ್ತಾರೆ. ಅವರು ಪೋರ್ಟಲ್‌ನಲ್ಲಿ ವಿಳಾಸ ಬದಲಾವಣೆ ಹಾಕಬೇಕು, ಹೊಸ ಮಾಲೀಕರು ಹೊಸದಾಗಿ ಸಿ ಫಾರಂ ಸಲ್ಲಿಸಬೇಕು. ಅದಕ್ಕಾಗಿ ಡಿಸೆಂಬರ್‌ನಲ್ಲಿ ಎಲ್ಲರಿಗೂ ಒಮ್ಮೆ ಫೋನ್ ಮಾಡಿ ವಿಚಾರಿಸುತ್ತೇವೆ.